ಕೆಂಡಮೂತಿಯ ಹದಿನಾಲ್ಕು ಸಾವು

ಭೀಮಸಿ ಸೇಡಿನ ಮನುಷ್ಯ. ಒಮ್ಮೆ ಹಿಡಿದ ಹಗೆಯನ್ನು ಅವನು ಬಿಟ್ಟದ್ದಿಲ್ಲ. ಬಿಡಬೇಕೆಂದು ಅವನಿಗೆ ಅನಿಸಿದ್ದೂ ಇಲ್ಲ. ಜೊತೆಗೆ ಒಂದು ಕಡೆ ಕೂರುವವನಲ್ಲ. ಅರ್ಧ ಗೆರೆ ಎಳೆದು ಎದ್ದು ಹೋಗುತ್ತಿದ್ದ, ಚಹಾ ಕುಡಿದು ಬಂದು ಉಳಿದರ್ಧ ಎಳೆಯುತ್ತಿದ್ದ. ಆದರೂ ಗೆರೆ ಸೇರಿದ ಜಾಗ ಯಾರಿಗೂ ಕಾಣುತ್ತಿರಲಿಲ್ಲ. ಕೈ ಅಷ್ಟು ಚೆನ್ನಾಗಿತ್ತು ಎಂಬುದನ್ನು ಒಪ್ಪಲೇಬೇಕು.

ನಿಪ್ಪಾಣಿಯಲ್ಲಿ ಬೀಡಿ ಕಟ್ಟಿನ ಲೇಬಲ್ಲಿಗೆ ಚಿತ್ರ ಬರೆಯುವುದು ಅವನ ಕಸುಬು. ನವಿಲು, ಹುಲಿ, ದೇವಿ, ಎತ್ತಿದ ಕೈ. ಹುಟ್ಟಿದ್ದು ಉಗಾರ ಬುದ್ರುಕದಲ್ಲಿ, ಕಬ್ಬಿನ ಒಕ್ಕಲುತನದ ಮನೆಯಲ್ಲಿ. ಹದಿನೆಂಟನೆಯ ವಯಸ್ಸಿಗೆ ಕೊಲ್ಹಾಪುರದ ಒಂದು ಚಿತ್ರಕಲಾ ಶಾಲೆಯಿಂದ ಸಂದರ್ಶನಕ್ಕೆ ಬರಲು ಕಾಗದ ಬಂದಿತ್ತು. ಕಟಾವಿನ ಹಂಗಾಮು ನಡೆದಿತ್ತು, ಆಳು ಸಿಗುತ್ತಿರಲಿಲ್ಲ. ಅಣ್ಣ ಮುರಗೆಪ್ಪ ಆ ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಇಪ್ಪತ್ತು ದಿನ ತಿರುಗಿದ. ಕಬ್ಬು ಕಾರ್ಖಾನೆ ಸೇರಿದ ಮೇಲೆ ತಮ್ಮನ ಕೈಗೆ ಕೊಟ್ಟ. ಅಷ್ಟರಲ್ಲಿ ತಾರೀಖು ದಾಟಿತ್ತು. ಭೀಮಸಿ ಅಂದೇ ಮನೆ ಬಿಟ್ಟ.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಹಗೆಗೆ ಮಾಡಲು ಕೆಲಸವಿರಲಿಲ್ಲ. 2005ರಲ್ಲಿ ಲೇಬಲ್ ಪ್ರೆಸ್ಸಿನ ಮಾಲೀಕ ಸುರಜ ಅದಕ್ಕೊಂದು ಕೆಲಸ ಕೊಟ್ಟ. ಮಳೆಗಾಲದಲ್ಲಿ ಅವನ ಮಷೀನು ಸುಮ್ಮನೆ ನಿಲ್ಲುತ್ತಿತ್ತು. ಲೇಬಲ್ಲಿನ ಕೆಂಪು, ಕಪ್ಪು ಎರಡೇ ಬಣ್ಣದಲ್ಲಿ ಹದಿನಾರು ಪುಟದ ಕಾಮಿಕ್ಸ್ ಮಾಡೋಣವೆಂದ. ಮಾತಿನ ಗುಳ್ಳೆಗಳನ್ನು ಖಾಲಿ ಬಿಟ್ಟು, ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ತುಂಬುವುದು. ನಾಯಕ ಸಿಡಿಲವೀರ: ಮುಖವಾಡ, ಹೆಗಲಿನಿಂದ ಹಾರುವ ವಸ್ತ್ರ, ಎದೆಯ ಮೇಲೆ ಮಿಂಚು. ಖಳನ ಹೆಸರು ಕೆಂಡಮೂತಿ. ಅವನಿಗೆ ಭೀಮಸಿ ತನ್ನ ಅಣ್ಣನ ಮುಖ ಕೊಟ್ಟ. ಕೂಡಿದ ಹುಬ್ಬು, ಹರಿದ ಎಡಗಿವಿ, ಒಂದು ಬದಿ ಇಳಿಬಿದ್ದ ಮೀಸೆ, ಒಂದೂ ಬಿಡಲಿಲ್ಲ. ಮೊದಲ ಸಂಚಿಕೆಯ ಕೊನೆಯಲ್ಲಿ ಕುದಿಯುವ ಬೆಲ್ಲದ ಕೊಪ್ಪರಿಗೆಗೆ ಅವನನ್ನು ಬೀಳಿಸಿ ಕೊಂದ.

ಪುಸ್ತಕವನ್ನು ಚಿಕ್ಕೋಡಿ, ರಾಯಬಾಗ, ಅಥಣಿ ಬಸ್ ಸ್ಟ್ಯಾಂಡುಗಳಲ್ಲಿ ಹಗ್ಗಕ್ಕೆ ತೂಗುಬಿಟ್ಟರು. ಭೀಮಸಿ ಬಸ್ಸಿನಿಂದ ಬಸ್ಸಿಗೆ ಹತ್ತಿ, ಅಂಗಡಿಗಳ ಹಿಂದೆ ನಿಂತು ಓದುವವರ ಮಾತು ಕೇಳುತ್ತಿದ್ದ. ಅಥಣಿಯಲ್ಲಿ ಒಬ್ಬ ಕಂಡಕ್ಟರ್ ಪುಸ್ತಕ ಮಡಚುತ್ತ ಅಂದ: "ಸಿಡಿಲವೀರ ಇರ್ತಾನ ಬಿಡ್ರಿ, ಅವಂದೇನ ದೊಡ್ಡದು. ಕೆಂಡಮೂತಿ ಸತ್ತಾ ಅಂದ್ರ ಮುಂದ ಓದೂದರ ಏನ?"

ಆದ್ದರಿಂದ ಕೆಂಡಮೂತಿ ತಿರುಗಿ ಬಂದ. ಕೊಪ್ಪರಿಗೆಯ ತಳದಲ್ಲಿ ಸುರಂಗವಿತ್ತಂತೆ. ಎರಡನೆಯ ಸಲ ಕೃಷ್ಣೆಯ ಮಹಾಪೂರದಲ್ಲಿ ಕೊಚ್ಚಿಹೋದ, ಮೂರನೆಯ ಸಲ ಕಾರ್ಖಾನೆಯ ಚಿಮಣಿಯಿಂದ ಬಿದ್ದ. ಹೀಗೆ ಆರು ವರ್ಷದಲ್ಲಿ ಹದಿನಾಲ್ಕು ಸಾವು. ಉಗಾರದವರು ಮುಖ ಗುರುತಿಸಿ ನಕ್ಕರು. ಮುರಗೆಪ್ಪ ಮಾತ್ರ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದು ಭೀಮಸಿಗೆ ಇನ್ನೂ ಉರಿ ಹಚ್ಚಿತು. ಸಾವುಗಳು ಮತ್ತಷ್ಟು ಘೋರವಾದವು.

2011ರಲ್ಲಿ, ಹದಿನೈದನೆಯ ಸಂಚಿಕೆ ಮುಗಿಯುತ್ತ ಬಂದಾಗ, ಮುರಗೆಪ್ಪನ ಮಗಳು ಶುಭಾಂಗಿ ಪ್ರೆಸ್ಸಿಗೆ ಬಂದಳು. ರಾಯಬಾಗದ ಶಾಲೆಯೊಂದರಲ್ಲಿ ಕಲಿಸುವ ಹುಡುಗಿ; ಅಳುವವಳಲ್ಲ, ಗೋಗರೆಯುವವಳೂ ಅಲ್ಲ. ಕಾಗವಾಡದ ದ್ರಾಕ್ಷಿ ತೋಟದ ಮನೆಯಿಂದ ಅವಳಿಗೆ ಸಂಬಂಧ ಬಂದಿತ್ತು. ಹುಡುಗನೂ ಅವಳೂ ಒಪ್ಪಿದ್ದರು. ಹುಡುಗನ ಅಜ್ಜಿ ತಾರವ್ವ ಒಪ್ಪಿರಲಿಲ್ಲ. ಮೊಮ್ಮಕ್ಕಳು ಓದುವ ಕಾಮಿಕ್ಸ್ ನೋಡಿದ್ದಳು, ಹೆಣ್ಣಿನ ತಂದೆಯ ಮುಖವನ್ನೂ ನೋಡಿದ್ದಳು.

"ಹದಿನಾಕು ಸಲ ಸತ್ತಾವನ ಮನೀ ಹೆಣ್ಣು ಬ್ಯಾಡ ಅಂದಾಳ, ಕಾಕಾ. ಸೋಮವಾರ ಕಡೀ ಮಾತು ಹೇಳ್ತಾರಂತ."

"ಮುದುಕಿಗೆ ಬುದ್ಧಿಲ್ಲ," ಎಂದ ಭೀಮಸಿ, ಕುರ್ಚಿಯಿಂದ ಎದ್ದು.

"ಅಕಿಗಿಲ್ಲ ಖರೆ. ನಿನಗೈತೇನು? ಈ ಸಲ ಹೆಂಗ ಕೊಲ್ಲಾಕತ್ತಿ?"

"ಕಬ್ಬಿನ ಗಾಣದಾಗ."

"ಛಲೋ ಆತು. ರಸಾ ಬರ್ತೈತೇನು ನಮ್ಮಪ್ಪಂದು?"

ಮಷೀನಿನ ಬಳಿ ನಿಂತಿದ್ದ ಸುರಜ ನಗು ತಡೆಯಲಾರದೆ ಹೊರಗೆ ಹೋದ. ಭೀಮಸಿ ನಗಲಿಲ್ಲ. "ನಿಮ್ಮಪ್ಪಗ ಕೇಳು, ಆ ಕಾಗದ ಯಾಕ ಕಿಸೇದಾಗ ಇಟ್ಕೊಂಡಿದ್ದಾ ಅಂತ."

"ಕೇಳೀನಿ. ತಪ್ಪಾತು ಅಂದಾನ."

"ಅದನ್ನ ನನ್ನ ಮುಂದ ಬಂದು ಅನ್ನಲಿ."

"ಎರಡು ಸಲ ಬಂದಿದ್ದಾ, ಕಾಕಾ. ನಿಪ್ಪಾಣಿ ಸ್ಟ್ಯಾಂಡಿನಾಗ ಇಳದ ಕೂಡ್ಲೇ ಹುಡುಗ್ರು 'ಕೆಂಡಮೂತಿ ಬಂದಾನೋ' ಅಂತ ಬೆನ್ನ ಹತ್ತಿದ್ರು. ಅದ ಬಸ್ಸಿಗೆ ಹೊಳ್ಳಿ ಹ್ವಾದಾ."

ಅವಳು ಚೀಲ ಹೆಗಲಿಗೇರಿಸಿ ಹೊರಟುಹೋದಳು. ಭೀಮಸಿ ಆ ದಿನ ಕುಂಚ ಹಿಡಿಯಲಿಲ್ಲ. ಪ್ರೆಸ್ಸಿನಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನಿಂದ ಪ್ರೆಸ್ಸಿಗೆ ನಡೆದ. ಚಿಕ್ಕೋಡಿ ಬಸ್ ಹತ್ತಿ ಅರ್ಧ ದಾರಿಯಲ್ಲಿ ಇಳಿದ. ಮರುದಿನ ಶನಿವಾರ, ಬೆಳಗಿನ ಬಸ್ಸಿಗೆ ಕಾಗವಾಡಕ್ಕೇ ಹೋದ. ಚಿತ್ರಕ್ಕೂ ಬದುಕಿಗೂ ಸಂಬಂಧವಿಲ್ಲವೆಂದು ಮುದುಕಿಗೆ ತಿಳಿಹೇಳಿ ಬರುವುದು, ಅಷ್ಟೇ.

ತಾರವ್ವ ಅಂಗಳದಲ್ಲಿ ಒಣದ್ರಾಕ್ಷಿಯ ಕಡ್ಡಿ ಆರಿಸುತ್ತ ಕೂತಿದ್ದಳು. ಯಾರೆಂದು ತಿಳಿದ ಮೇಲೂ ಕೈ ನಿಲ್ಲಿಸಲಿಲ್ಲ.

"ಚಿತ್ರಾ ಐತ್ರಿ ಅದು, ಬರೇ ಚಿತ್ರಾ," ಎಂದ ಭೀಮಸಿ.

"ಬರೇ ಚಿತ್ರಾ? ನೀ ಬೀಡೀ ಕಟ್ಟಿನ ಮ್ಯಾಲ ದೇವೀ ಬರೀತಿ. ಆ ಕಾಗದಾ ನಮ್ಮ ಮನ್ಯಾಗ ಯಾರೂ ತುಳಿಯೂದಿಲ್ಲ, ಎತ್ತಿ ಗೋಡೀ ಮಾಡದಾಗ ಇಡ್ತಾರ. ದೇವಿ ಅದರಾಗ ಇರ್ತಾಳಂದ್ರ, ಸಾವೂ ಇರ್ತೈತಿ."

"ಮುಂದಿನ ಪುಸ್ತಕದಾಗ ಅಂವನ್ನ ಬಿಟ್ಟಬಿಡ್ತೀನ್ರಿ."

"ಬಿಟ್ರ? ಹದಿನಾಕು ಸಾವು ಅಚ್ಚಾಗ್ಯಾವ. ಮಂದಿ ಮನೀಮನ್ಯಾಗ ಬಿದ್ದಾವ. ಅವು ಯಾರದಾರ ಒಬ್ಬರದ ಆಗಬೇಕಲ್ಲೋ ಯಪ್ಪಾ. ಮುರಗೆಪ್ಪಂದಲ್ಲಂದ್ರ ಯಾರದು, ಹೇಳು?"

ಮುದುಕಿ ಒಂದು ಹಿಡಿ ಒಣದ್ರಾಕ್ಷಿ ಅವನ ಕೈಗೆ ಹಾಕಿ, "ತಿನ್ನು, ಬಿಸಲಾಗ ಬಂದಿ," ಎಂದಳು.

ನಿಪ್ಪಾಣಿಗೆ ಮುಟ್ಟಿದಾಗ ಮಧ್ಯಾಹ್ನ ಮೂರು ದಾಟಿತ್ತು. ಹದಿನಾರೂ ಹಾಳೆಗಳು ಐದರ ಬಸ್ಸಿಗೆ ಕೊಲ್ಹಾಪುರಕ್ಕೆ ಹೋಗಬೇಕಿತ್ತು. ಅಚ್ಚಿನ ಪ್ಲೇಟುಗಳು ಅಲ್ಲೇ ತಯಾರಾಗುತ್ತಿದ್ದವು. ಗಾಣದ ಸಾವು ಆಗಲೇ ಶಾಯಿಯಲ್ಲಿ ಮುಗಿದಿತ್ತು. ಭೀಮಸಿ ಕೊನೆಯ ಹಾಳೆಯನ್ನು ನಾಲ್ಕು ತುಂಡು ಮಾಡಿ, ಹೊಸ ಹಾಳೆ ಹಚ್ಚಿದ. ಸುರಜ ತಲೆಯ ಮೇಲೆ ಕೈಹೊತ್ತ.

"ಹುಚ್ಚ ಹಿಡದೈತೇನ ಅಣ್ಣಾ? ಎರಡ ತಾಸ ಉಳದೈತಿ!"

ಭೀಮಸಿ ಬರೆಯತೊಡಗಿದ. ಸಿಡಿಲವೀರ ಕೆಂಡಮೂತಿಯ ಕೊರಳಪಟ್ಟಿ ಹಿಡಿದಿದ್ದಾನೆ. ಕೈ ಹಾಕಿ ಎಳೆದರೆ ಆ ಮುಖವೇ ಕಿತ್ತುಬರುತ್ತದೆ. ಕೂಡಿದ ಹುಬ್ಬು, ಹರಿದ ಕಿವಿ, ಇಳಿದ ಮೀಸೆ, ಎಲ್ಲವೂ ರಬ್ಬರಿನ ಮುಖವಾಡ. 'ಹದಿನಾಲ್ಕು ಸಲ ಸತ್ತವನು ನೀನೋ! ಒಬ್ಬ ನಿರಪರಾಧಿಯ ಮುಖ ಕದ್ದವನು ನೀನೋ!' ಎಂದು ಗುಳ್ಳೆಯಲ್ಲಿ ಬರೆದ. ಮುಖವಾಡ ಕಳಚಿದ ಜಾಗದಲ್ಲಿ, ಅರ್ಧ ಪುಟದಷ್ಟು ದೊಡ್ಡದಾಗಿ, ಖಾಲಿ ಮೊಟ್ಟೆಯಂಥ ಮುಖವೊಂದು ಉಳಿಯಿತು.

ಸುರಜ ಹತ್ತಿರ ಬಂದು ನೋಡಿದ. ಅವನ ಸಿಟ್ಟು ಇಳಿದಿತ್ತು, ವ್ಯಾಪಾರ ಕಂಡಿತ್ತು. "ಭಾರೀ ಆಗೈತಿ. ಒಳಗ ಯಾರ? ನಮ್ಮ ಮನೀ ಬಾಡಿಗೀದಾವನ್ನ ಹಾಕ್ತಿಯೇನ? ಅಂವಂದ ಮಾರೀನೂ ಕಳ್ಳನಂಗ ಐತಿ."

ಭೀಮಸಿ ಎದ್ದ. ಮತ್ತೆ ಚಹಾಕ್ಕೆ ಹೊರಟನೆಂದು ಸುರಜ ಗಡಿಯಾರ ನೋಡಿದ. ಆದರೆ ಅವನು ಹೋದದ್ದು ನಲ್ಲಿಯ ಬಳಿಗೆ. ಕೆಲಸಗಾರರು ತಲೆ ಬಾಚಿಕೊಳ್ಳಲು ಅಲ್ಲಿ ನೇತುಹಾಕಿದ್ದ ಕನ್ನಡಿಯನ್ನು ಗೋಡೆಯಿಂದ ತೆಗೆದು, ಅಂಗಿಯ ತುದಿಯಿಂದ ಒರೆಸಿ ತಂದ. ಸುರಜನ ಕೈಗೆ ಕೊಟ್ಟು ಎದುರು ಕೂರಿಸಿದ.

"ಹಿಡಕೋ. ಅಲಗಾಡಸಬ್ಯಾಡ," ಎಂದು, ಕನ್ನಡಿಯಲ್ಲಿ ತನ್ನ ಹುಬ್ಬು ನೋಡಿ, ಖಾಲಿ ಮುಖದ ಮೇಲೆ ಮೊದಲ ಗೆರೆ ಎಳೆದ.