ಮಾವನ ಹಾರ್ಟು ಫೇಲಾಯಿತಂತೆ!

ಹೋದ ತಿಂಗಳು ನಮ್ಮ ಮುನಿನಾರಾಯಣ ಮಾವ ಸಾಯೋದಕ್ಕೆ ತಯಾರಾಗಿ ಕೂತಿದ್ದರು. ಕೂತಿದ್ದರು ಅಂದರೆ ನಿಜಕ್ಕೂ ಕೂತೇ ಇದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು.

ಮಾವ ನಮ್ಮಮ್ಮನ ಅಣ್ಣ. ಕೆಂಚಾರ್ಲಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆಹುಳು. ಕಾಲು ಊದಿಕೊಂಡು, ತೋಟದ ತನಕ ನಡೆದರೆ ಏದುಸಿರು ಬರೋದಕ್ಕೆ ಶುರುವಾದಾಗ ಅವರ ಅಳಿಯ ಮಾವನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿ ಕೆಲವು ದಿನ ಇಟ್ಟುಕೊಂಡು, ಮಾತ್ರೆ ಬರೆದುಕೊಟ್ಟು ಕಳಿಸಿದರು. ಊರಿಗೆ ಬಂದ ಮಾವ ಆ ಮಾತ್ರೆಗಳನ್ನು ಮುಟ್ಟಲೇ ಇಲ್ಲ.

ಅತ್ತೆ ಎಸ್‌ಟಿಡಿ ಬೂತಿನಿಂದ ಚಿಕ್ಕಬಳ್ಳಾಪುರದ ನಮ್ಮ ಆಫೀಸಿಗೆ ಫೋನ್ ಮಾಡಿದರು. "ನೀನಾದ್ರೂ ಬಂದು ಒಂದ್ ಮಾತು ಹೇಳಮ್ಮ. ನನ್ ಮಾತು ಕೇಳ್ತಾ ಇಲ್ಲ." (ಬೂತಿನ ಮೀಟರ್ ಓಡುತ್ತಿತ್ತು. ಅತ್ತೆ ಆಮೇಲೂ ಫೋನ್ ಇಡದೆ ಅಳುತ್ತಿದ್ದರು.)

ಮಾರನೇ ದಿನ ರಜೆ ಹಾಕಿ ಹೋದೆ. ಮಾವ ಜಗುಲಿ ಮೇಲೆ ಗೋಡೆಗೆ ಒರಗಿಕೊಂಡಿದ್ದರು. ಹುಳು ಗೂಡು ಕಟ್ಟೋ ಚಂದ್ರಿಕೆಗಳನ್ನೆಲ್ಲ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಿದ್ದರು. ಯಾಕೆ ಮಾವ, ಮಾತ್ರೆ ಯಾಕೆ ತಗೊಳ್ತಿಲ್ಲ ಅಂದೆ.

"ಹಾರ್ಟ್ ಫೇಲಾಗೋಗಿದೆ ಕಣಮ್ಮ. ಡಾಕ್ಟ್ರೇ ಹೇಳಿದ್ರು. ಫೇಲಾದ್ಮೇಲೆ ಮಾತ್ರೆ ನುಂಗಿ ಏನ್ ಮಾಡಾದು? ಅಂತಾ ಅಯಿಪೋಯಿಂದಿ."

ಎಲ್ಲಾ ಮುಗಿದುಹೋಯ್ತು ಅಂತ. (ನಮ್ಮ ಮನೆಯಲ್ಲಿ ದುಃಖ ಜಾಸ್ತಿಯಾದರೆ ತೆಲುಗು ಬರುತ್ತೆ.)

ಒಳಗಿನಿಂದ ಅತ್ತೆ ಸಿಡುಕಿದರು: "ನಿಮ್ ಮಗಳು ಎಸ್ಸೆಸ್ಸೆಲ್ಸಿ ಫೇಲಾಗಿ ಮತ್ತೆ ಕಟ್ಟಿ ಪಾಸಾಗ್ಲಿಲ್ವಾ?"

ಮಾವ ನಗಲಿಲ್ಲ.

ಅಳಿಯನನ್ನು ಪಕ್ಕಕ್ಕೆ ಕರೆದು ಕೇಳಿದೆ. "ಹಾರ್ಟ್ ಫೇಲ್ಯೂರ್ ಅಂತಾನೇ ಅಂದ್ರು ಅಕ್ಕ. ಹಂಗಂದ್ರೇನು ಅಂತ ಕೇಳೋಣ ಅಂದ್ಕೊಂಡೆ. ಹಿಂದೆ ಅಷ್ಟು ಜನ ಕ್ಯೂ ನಿಂತಿದ್ರು. ಬೈದ್ಬಿಟ್ರೆ ಅಂತ ಸುಮ್ನಾದೆ."

ಆ ಡಾಕ್ಟರು ಸುಳ್ಳು ಹೇಳಿರಲಿಲ್ಲ. ಅವರ ಪುಸ್ತಕದಲ್ಲಿ ಆ ಕಾಯಿಲೆಗೆ ಇರೋ ಹೆಸರೇ ಅದು. ಆದರೆ ನಮ್ಮ ಕಡೆ ಆ ಮಾತನ್ನು ನಾವು ಯಾವಾಗ ಆಡ್ತೀವಿ? "ಪಾಪ, ಹಾರ್ಟ್ ಫೇಲಾಗಿ ಹೋಗ್ಬಿಟ್ರು" ಅಂತ. ಅದು ಸತ್ತವರ ಬಗ್ಗೆ ಆಡೋ ಮಾತು. ಅದನ್ನೇ ಬದುಕಿರೋ ಮನುಷ್ಯನ ಮುಖ ನೋಡಿ ಹೇಳಿದರೆ ಅವನು ಏನಂತ ತಿಳ್ಕೋಬೇಕು?

ಅತ್ತೆ, ಅಳಿಯ, ನಾನು ಸೇರಿ ಬಲವಂತ ಮಾಡಿ ಮೆಟಡಾರ್ ಹತ್ತಿಸಿ, ಮಾವನನ್ನು ಚಿಂತಾಮಣಿಗೆ ಕರೆದುಕೊಂಡು ಹೋದೆವು. ಅಲ್ಲೊಬ್ಬರು ವಯಸ್ಸಾದ ಡಾಕ್ಟರಮ್ಮ ಇದ್ದಾರೆ. ಚೀಟಿ ಓದಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಕಾಲಿನ ಊತ ಒತ್ತಿ ನೋಡಿದರು. ಆಮೇಲೆ ಕೇಳಿದರು: "ತೋಟದಲ್ಲಿ ಪಂಪ್‌ಸೆಟ್ ಐತಾ, ಗೌಡ್ರೇ?"

"ಐತಮ್ಮ."

"ವೋಲ್ಟೇಜ್ ಕಮ್ಮಿ ಇದ್ದಾಗ ಏನಾಗುತ್ತೆ?"

"ನೀರು ಸಣ್ಣಗೆ ಬರುತ್ತೆ. ಕೊನೇ ಸಾಲಿಗೆ ಏರಲ್ಲ."

"ಮೋಟ್ರು ನಿಂತೋಯ್ತು ಅಂತೀರಾ?"

"ಇಲ್ಲಮ್ಮ, ಓಡ್ತಾ ಇರುತ್ತಲ್ಲ."

"ನಿಮ್ ಹಾರ್ಟೂ ಹಂಗೇ ಓಡ್ತಾ ಐತೆ. ಜೋರು ಕಮ್ಮಿಯಾಗಿದೆ. ರಕ್ತಾನ ಪೂರ್ತಿ ತಳ್ಳೋಕಾಗ್ತಿಲ್ಲ, ಅದಕ್ಕೇ ನೀರು ಕಾಲಲ್ಲಿ, ಎದೇಲಿ ನಿಲ್ತಾ ಇದೆ. ಚೀಟೀಲಿರೋ ಈ ಮಾತ್ರೆ ಆ ನೀರು ತೆಗೆಯುತ್ತೆ, ಇದು ಹಾರ್ಟಿನ ಭಾರ ಇಳಿಸುತ್ತೆ. ಉಪ್ಪು ಕಮ್ಮಿ ಮಾಡ್ಬೇಕು. ಪೂರ್ತಿ ವಾಸಿಯಾಗುತ್ತೆ ಅಂತ ಸುಳ್ಳು ಹೇಳಲ್ಲ. ಮಾತ್ರೆ ಬಿಟ್ರೆ ಮಾತ್ರ ಕಷ್ಟ."

ಮಾವ ತಮ್ಮ ಎದೆ ಮೇಲೆ ಕೈ ಇಟ್ಟು ನೋಡಿಕೊಂಡರು. ಆಮೇಲೆ ಮೆಲ್ಲಗೆ, "ಅಂದ್ರೆ ನಿಂತಿಲ್ಲ?" ಅಂದರು.

"ನಿಂತಿದ್ರೆ ಈಗ ನನ್ ಜೊತೆ ಯಾರು ಮಾತಾಡ್ತಿರೋದು?"

ಮಾವ ಅತ್ತೆ ಕಡೆ ತಿರುಗಿದರು. "ಆ ಮಾತ್ರೆ ತಂದಿದೀಯೇನೇ?"

ಅತ್ತೆ ಸೆರಗಿನ ಗಂಟು ಬಿಚ್ಚಿದರು. ತಂದೇ ಇದ್ದರು.

ಈಗ ಮಾವನ ಕಾಲಿನ ಊತ ಇಳಿದಿದೆ. ಎರಡು ದಿಂಬಿಟ್ಟುಕೊಂಡು ಮಲಗುತ್ತಾರೆ. ಚಂದ್ರಿಕೆಗಳನ್ನು ವಾಪಸ್ ತರಿಸಿಕೊಂಡಿದ್ದಾರೆ. ಹುಳುಗಳಿಗೆ ಸೊಪ್ಪು ಹೊರೋದು ಅತ್ತೆ ಮತ್ತು ಅಳಿಯ. ಮಾವ ಕುರ್ಚಿ ಮೇಲೆ ಕೂತು ತಪ್ಪು ಹುಡುಕುತ್ತಾರೆ. ಸಾರಿಗೆ ಉಪ್ಪಿಲ್ಲ ಅಂತ ದಿನಾ ಜಗಳ. (ಅತ್ತೆಗೆ ಆ ಜಗಳ ಕೇಳೋದೇ ಖುಷಿ.)

ಅವತ್ತು ಚಿಂತಾಮಣಿಯಿಂದ ವಾಪಸ್ ಬರುವ ಬಸ್ಸಿನಲ್ಲಿ ನಾನು ಯೋಚಿಸುತ್ತಿದ್ದೆ. ಹಾರ್ಟ್ ಅಟ್ಯಾಕ್ ಅಂದರೆ ಹಾರ್ಟಿಗೇ ರಕ್ತ ಕೊಡೋ ನಾಳ ಕಟ್ಟಿಕೊಳ್ಳೋದು. ಫೇಲ್ಯೂರ್ ಅಂದರೆ ಹಾರ್ಟಿನ ಜೋರು ಕಮ್ಮಿಯಾಗೋದು. ಎರಡೂ ಬೇರೆ ಅಂತ ನನಗೂ ಅವತ್ತೇ, ಡಾಕ್ಟರಮ್ಮನನ್ನು ಕೇಳಿದ ಮೇಲೆ, ಗೊತ್ತಾಗಿದ್ದು. ನಮ್ಮ ಆಫೀಸಿನ ಗೆಳತಿ ಒಬ್ಬಳು 'ಕ್ರಾನಿಕ್' ಅಂದರೆ ಕೈಮೀರಿದ್ದು ಅಂದುಕೊಂಡು ವಾರವೆಲ್ಲ ಊಟ ಬಿಟ್ಟಿದ್ದಳು. ಬಹಳ ದಿನದಿಂದ ಇರೋ ಕಾಯಿಲೆ ಅಂತಷ್ಟೇ ಅದರ ಅರ್ಥ! ಗೆಡ್ಡೆ ಅಂದ ತಕ್ಷಣ ಕ್ಯಾನ್ಸರ್ ಅಂತ ಮನೆಮಂದಿಯೆಲ್ಲ ಅತ್ತು, ಅದು ಏನೂ ಮಾಡದ ಬರೀ ಕೊಬ್ಬಿನ ಗಂಟು ಅಂತ ಆಮೇಲೆ ಗೊತ್ತಾದ ಮನೆಗಳು ನಿಮ್ಮ ಬೀದಿಯಲ್ಲೂ ಇರಬಹುದು.

ಡಾಕ್ಟರಿಗೆ ಟೈಮಿಲ್ಲ, ಒಪ್ಪೋಣ. ಕೇಳೋದಕ್ಕೆ ನಮಗೆ ಭಯ, ಅದೂ ನಿಜ. ಆದರೆ ಪಂಪ್‌ಸೆಟ್ಟಿನ ಆ ಮಾತು ಮುಗಿಯೋದಕ್ಕೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಕಾಯಿಲೆ ನಮ್ಮದು, ಮೈ ನಮ್ಮದು. ಹೆಸರಿನ ಅರ್ಥ ಮಾತ್ರ ಯಾಕೆ ಡಾಕ್ಟರ ಹತ್ತಿರವೇ ಉಳಿಯಬೇಕು?