ಹಾಸಿಗೆ ಅಂಗಡಿಯಲ್ಲಿ ಜೋರಾಗಿ ಕೇಳಿದ ಒಂದು ಪ್ರಶ್ನೆ

ಬೆಳಗಿನ ಆರು ಗಂಟೆ. ಸಂಜಯನಗರದ ಮುಖ್ಯರಸ್ತೆಯಲ್ಲಿ ಹಾಲಿನ ಬೂತ್ ಬಿಟ್ಟರೆ ಬಾಗಿಲು ತೆರೆದಿರುವುದು ಈ ಹಾಸಿಗೆ ಅಂಗಡಿ ಮಾತ್ರ. ಟ್ರಾಫಿಕ್ ಶುರುವಾಗುವ ಮೊದಲೇ ಲಾರಿ ಖಾಲಿಯಾಗಬೇಕು. ನಲವತ್ತಾರು ವರ್ಷದ ಶಿವಲಿಂಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪ್ಲಾಸ್ಟಿಕ್ ಸುತ್ತಿದ ಹಾಸಿಗೆಯ ಒಂದು ತುದಿಗೆ ಹೆಗಲು ಕೊಡುತ್ತಾರೆ. ಇನ್ನೊಂದು ತುದಿಯಲ್ಲಿ ಲಾರಿ ಡ್ರೈವರ್. ಹನ್ನೆರಡು ಹಾಸಿಗೆ ಒಳಗೆ ಸೇರುವಷ್ಟರಲ್ಲಿ ಇಬ್ಬರೂ ಬೆವರಿ ಒದ್ದೆ.

ಮುಧೋಳದ ಕಡೆಯ ಶಿವಲಿಂಗವ್ವ ಈಗ ಬಾಗಲಗುಂಟೆಯಲ್ಲಿದ್ದಾರೆ. ಕಾರ್ಖಾನೆಯಲ್ಲಿ ಗಂಡನ ಕೈಗೆ ಪೆಟ್ಟಾದ ಮೇಲೆ, ಹನ್ನೊಂದು ವರ್ಷದ ಹಿಂದೆ, ಇಲ್ಲಿ ಕಸ ಗುಡಿಸಲು ಬಂದವರು. ಗಿರಾಕಿಗಳು ತಮ್ಮನ್ನು ಬಿಟ್ಟು ಪೊರಕೆ ಹಿಡಿದ ಹೆಂಗಸನ್ನೇ ಕೇಳುವುದನ್ನು ಮಾಲೀಕ ನಜೀರ್ ಗಮನಿಸಿದರು. "ರೇಟ್ ನಾನು ಹೇಳ್ತೀನಿ, ಯಾವ ಹಾಸಿಗೆ ಅಂತ ಅಕ್ಕನೇ ಹೇಳ್ಬೇಕು," ಎನ್ನುತ್ತಾರೆ ಅವರು.

ದಿನಕ್ಕೆ ಇಪ್ಪತ್ತು ಕುಟುಂಬ ಬಂದರೆ ನಾಲ್ಕೈದು ಕೊಳ್ಳುತ್ತವೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಯಾರಿಗೆ ಏನು ಬೇಕೆಂದು ಶಿವಲಿಂಗವ್ವನಿಗೆ ಅಂದಾಜಾಗುತ್ತದೆ. "ಹುಡುಗ್ರು ಮಲಗಿ ನೋಡಂಗೇ ಇಲ್ರಿ. ಫೋನಿನ್ಯಾಗ ಓದ್ಕೊಂಡು ಬಂದಿರ್ತಾರ, ಎಷ್ಟು ಇಂಚು, ಎಷ್ಟು ವರ್ಷ ಗ್ಯಾರಂಟಿ ಅಂತ ಅದನ್ನ ಕೇಳ್ತಾರ. ಹೊಸದಾಗಿ ಮದುವಿ ಆದವರಿಗೆ ನಮ್ಮ ಮುಂದ ಜೋಡಿ ಕುಂಡ್ರಾಕೂ ನಾಚಿಕಿ. ಅವರನ್ನ ಬಿಟ್ಟು ನಾನು ಚಾ ತರಾಕ ಹೋಗ್ತೀನಿ." ನಲವತ್ತು ದಾಟಿದವರ ಕೈ ಹಾಸಿಗೆಗಿಂತ ಮೊದಲು ತಮ್ಮ ಸೊಂಟವನ್ನೇ ಮುಟ್ಟುತ್ತದಂತೆ.

ವಯಸ್ಸಾದವರು? ಹಾಗೆ ಕೇಳಿದರೆ ಶಿವಲಿಂಗವ್ವ ತಲೆ ತಗ್ಗಿಸುತ್ತಾರೆ. "ಅವರು ತಮಗ ಬೇಕಾದ್ದನ್ನ ಬಾಯಿ ಬಿಟ್ಟು ಹೇಳಂಗಿಲ್ರಿ. ಬ್ಯಾರೆ ಏನೋ ಕೇಳ್ತಾರ. ನನಗದು ಮೊದಲ ತಿಳಿದಿರಲಿಲ್ಲ."

ನಾಲ್ಕು ವರ್ಷದ ಹಿಂದೆ, ಒಂದು ಭಾನುವಾರ. ಅಂಗಡಿ ತುಂಬ ಜನ. ಹಿರಿಯರೊಬ್ಬರು ಮಗ ಸೊಸೆಯ ಜೊತೆ ಬಂದಿದ್ದರು. ಜಮೀನಿದ್ದವರು, ಹೊಸ ಮನೆ ಕಟ್ಟಿಸಿದ್ದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಅಪ್ಪನಿಗೆಂದು ಮಗ ಅಂಗಡಿಯ ದುಬಾರಿ ಹಾಸಿಗೆಯನ್ನೇ ಆರಿಸಿದ್ದ. ಹಿರಿಯರು ಮಾತ್ರ ಅದರ ಅಂಚು ಮುಟ್ಟಿ ಮುಟ್ಟಿ ಒಂದನ್ನೇ ಕೇಳುತ್ತಿದ್ದರು: "ಇದ್ರ ಮೇಗಲ ಬಟ್ಟೆ ಬಿಚ್ಚಿ ಒಗೀಬೋದಾ?"

ನಾಲ್ಕನೇ ಸಲ ಕೇಳಿದಾಗ ಶಿವಲಿಂಗವ್ವ ಅಂಗಡಿಯ ಇನ್ನೊಂದು ತುದಿಯಿಂದಲೇ ಕೂಗಿದರು. "ಯಾಕ್ರಿ ಅಜ್ಜಾರ, ರಾತ್ರಿ ಹಾಸಗ್ಯಾಗ ಒಂದಕ್ಕ ಆಗಿಬಿಡತೈತೇನ್ರಿ? ಅದಕ್ಕ ಬ್ಯಾರೆ ಶೀಟ್ ಐತಿ!"

ಯಾರೋ ನಕ್ಕರು. ಸೊಸೆ ನೆಲ ನೋಡಿದಳು. "ನಂಗಲ್ಲ, ಯಾರೋ ಕೇಳ್ಕೊಂಡು ಬಾ ಅಂದಿದ್ರು," ಎಂದು ಹಿರಿಯರು ಹೊರಗೆ ಹೋಗಿ ಕಾರಿನಲ್ಲಿ ಕೂತರು. ಮಗ ಅದೇ ಹಾಸಿಗೆ ಕೊಂಡ.

"ಉಪಕಾರ ಮಾಡಾಕತ್ತೀನಿ ಅನ್ಕೊಂಡಿದ್ದೆ ನೋಡ್ರಿ," ಎನ್ನುವಾಗ ಶಿವಲಿಂಗವ್ವ ನನ್ನ ಮುಖ ನೋಡುವುದಿಲ್ಲ.

ಎರಡು ತಿಂಗಳ ಮೇಲೆ ದಿಂಬು ಕೊಳ್ಳಲು ಬಂದ ಸೊಸೆ ಹೇಳಿದಳು: "ಮಾವ ಒಂದಿನಾನೂ ಅದ್ರ ಮೇಲೆ ಮಲಗಿಲ್ಲ ಕಣ್ರೀ. ಪಕ್ಕದಲ್ಲೇ ನೆಲಕ್ಕೆ ಗೋಣಿಚೀಲ ಹಾಕ್ಕೊಂಡು ಮಲಗ್ತಾರೆ. ಕೇಳಿದ್ರೆ ಸೆಕೆ ಅಂತಾರೆ." ಅದು ಡಿಸೆಂಬರ್ ತಿಂಗಳು.

ರಜೆಯ ದಿನ ಶಿವಲಿಂಗವ್ವ ನೀರು ಇಳಿಯದ ಜಿಪ್ ಕವರೊಂದನ್ನು ಪೇಪರಿನಲ್ಲಿ ಸುತ್ತಿಕೊಂಡು, ಎರಡು ಬಸ್ ಬದಲಿಸಿ ಅವರ ಮನೆ ಹುಡುಕಿದರು. ಹಿರಿಯರು ಒಬ್ಬರೇ ಇದ್ದರು. "ಕಾಲಿಗೆ ಬೀಳಾಕ ಹೋದೆ, ಹಿಂದಕ್ಕ ಸರದ್ರು," ಎನ್ನುತ್ತಾರೆ. ಹಿರಿಯರು ಆಡಿದ ಮಾತು ಇನ್ನೂ ಕಿವಿಯಲ್ಲಿದೆಯಂತೆ: "ನೀನು ಕೇಳಿದ್ದು ಸುಳ್ಳಲ್ಲ ಬುಡವ್ವ. ಆದ್ರೆ ಸೊಸೆ ಮುಂದೆ ಕೇಳ್ಬಾರ್ದಾಗಿತ್ತು. ಈಗ ಒಗೆಯೋಕೆ ಪಂಚೆ ಆಕಕ್ಕೂ ನಾಚ್ಕೆ ಆಯ್ತದೆ."

ಇಬ್ಬರೂ ಸೇರಿ ಹಾಸಿಗೆ ಎತ್ತಿ ಕವರ್ ತೊಡಿಸಿದರು. ಮೇಲೆ ಬೆಡ್‌ಶೀಟ್ ಹಾಕಿದ ಮೇಲೆ ಒಳಗೆ ಕವರಿದೆಯೆಂದು ಗೊತ್ತೇ ಆಗುತ್ತಿರಲಿಲ್ಲ. ಹಿರಿಯರು ಒಂದು ಲೋಟ ನೀರು ತಂದುಕೊಟ್ಟರು. "ಕ್ಷಮಿಸೀನಿ ಅನ್ನಲಿಲ್ರಿ. ನಾನೂ ಕೇಳಲಿಲ್ಲ. ಯಾವ ಮುಖ ಇಟ್ಕೊಂಡು ಕೇಳೂದು?" ಗೋಣಿಚೀಲ ಈಗ ನೆಲದ ಮೇಲಿಲ್ಲ ಎಂದು ಆಮೇಲೆ ಸೊಸೆಯಿಂದ ತಿಳಿಯಿತು.

ಅಲ್ಲಿಂದ ಈಚೆಗೆ ಅಂಗಡಿಗೆ ಬರುವ ಪ್ರತಿಯೊಬ್ಬರಿಗೂ ಶಿವಲಿಂಗವ್ವ ಅಂಥ ಕವರಿನ ಜಿಪ್ ಬಿಚ್ಚಿ ತೋರಿಸುತ್ತಾರೆ. ನಾನಿದ್ದ ದಿನ ಕಾಲೇಜು ಹುಡುಗನೊಬ್ಬ, "ನಂಗ್ಯಾಕೆ ಆಂಟಿ ಇದೆಲ್ಲ?" ಎಂದು ನಗುತ್ತಾನೆ. "ಚಹಾ ಚೆಲ್ಲತೈತಲ್ಲಪಾ," ಎನ್ನುತ್ತಾರೆ. ಅವನ ಹಿಂದೆ ನಿಂತ ವಯಸ್ಸಾದ ಹೆಂಗಸೊಬ್ಬರು ಕತ್ತು ಚಾಚಿ ನೋಡುತ್ತಾರೆ. ಶಿವಲಿಂಗವ್ವ ಅತ್ತ ತಿರುಗುವುದಿಲ್ಲ. ಜಿಪ್ಪನ್ನು ಇನ್ನೊಮ್ಮೆ, ನಿಧಾನವಾಗಿ ಎಳೆಯುತ್ತಾರೆ.

"ಎಲ್ಲಾರಿಗೂ ತೋರಿಸಿಬಿಟ್ರ, ಬೇಕಾದವರು ಕೇಳೂದು ತಪ್ಪತೈತ್ರಿ."

ಹೊರಡುವಾಗ, ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದೆ.

"ಅಜ್ಜಾರ ಹೆಸರು ಬರೀಬ್ಯಾಡ್ರಿ, ಅವರ ಊರೂ ಬ್ಯಾಡ. ನನ್ನ ಹೆಸರು ಬರೀರಿ. ತಪ್ಪು ಮಾಡಿದಾಕಿ ನಾನು."