ಕುರಿಮರಿಗೆ ಬಂದ ಕುಲಾವಿ

ಮೊನ್ನೆ ಬೀರುವಿನ ಬಾಗಿಲು ಕಿರ್ರೆಂದಿತು. ಸ್ಲೇಟಿನ ಮೇಲೆ ಬಳಪ ಜಾರಿದಾಗ ಬರುತ್ತಿತ್ತಲ್ಲ, ಥೇಟ್ ಅದೇ ಸದ್ದು. ಪಾಂಡವಪುರದ ಮಧ್ಯಾಹ್ನಗಳಲ್ಲಿ ಹದಿನೈದು ಹೆಂಗಸರು ಒಟ್ಟಿಗೆ ಬರೆಯಲು ಕೂತರೆ ನನಗೆ ಹಲ್ಲು ಜುಮ್ಮೆನ್ನುತ್ತಿತ್ತು...

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮವರಿಗೆ ಅಲ್ಲಿಗೆ ಟ್ರಾನ್ಸ್‌ಫರ್ ಆಗಿತ್ತು. ನೀವು ಕಾನ್ವೆಂಟಿನಲ್ಲಿ ಓದಿದವರು, ಸಾಕ್ಷರತೆಯ ಕ್ಲಾಸು ತೆಗೆದುಕೊಳ್ಳಿ ಎಂದರು ಊರಿನವರು. ನನ್ನ ಕನ್ನಡವೇ ಅಷ್ಟಕ್ಕಷ್ಟೆ, ಆದರೂ ಶೂರ್ ಅಂದುಬಿಟ್ಟೆ. ರಾಮಮಂದಿರದ ಜಗುಲಿಯಲ್ಲಿ ಪಾಠ. ಡೈರಿಗೆ ಹಾಲು ಹಾಕುವ ಹೊತ್ತಿಗೆ ಬಿಡಬೇಕು. ನಮ್ಮ ಮನೆಗೆ ಹಾಲು ಕೊಡುತ್ತಿದ್ದ ಹಾಲಿನಕ್ಕನೂ ಬರುತ್ತಿದ್ದಳು. ಅವಳ ಹಿಂದೆ, ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿಕೊಂಡಿದ್ದ ತಬ್ಬಲಿ ಕುರಿಮರಿ.

ಒಂದು ದಿನ ‘ಮರಿ’ ಎಂಬ ಪದ ಕೊಟ್ಟು, ಸ್ವಂತ ವಾಕ್ಯ ಮಾಡಿ ಎಂದೆ.

“ನಮ್ ಕೋಳಿಮರಿ ಕರದ್ರೆ ಬತ್ತದೆ, ನನ್ ಗಂಡ ಬರಾಕಿಲ್ಲ,” ಎಂದಳು ಒಬ್ಬಳು.

“ಅವುಂಗೂ ಕಾಳ್ ಚೆಲ್ಲಿ ಕರಿಯಮ್ಮಿ!” ಎಂದಳು ಹಾಲಿನಕ್ಕ. ಜಗುಲಿಯೆಲ್ಲ ನಗು.

ಅವಳ ಸರದಿ ಬಂದಾಗ ಮಾತ್ರ ತಲೆ ತಗ್ಗಿಸಿದಳು. “ನಂಗ್ ಬರಾಕಿಲ್ಲ ಬುಡಿ.” ಮಗಳು ಮೂರನೆಯ ಹೆರಿಗೆಗೆ ಬಂದಿದ್ದಳು. ಹಿಂದಿನ ಎರಡೂ ಉಳಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಧೈರ್ಯ ತುಂಬೋಣವೆಂದು, ಹದಿನೈದು ದಿನ ಕೂತು ಹೆಣೆದಿದ್ದ ಹಳದಿ ಉಲನ್ನಿನ ಕುಲಾವಿಯನ್ನು ಬ್ಯಾಗಿನಿಂದ ತೆಗೆದು ಅವಳ ಮಡಿಲಿಗಿಟ್ಟೆ. “ನಿನ್ನ ಮೊಮ್ಮಗುವಿಗೆ. ಇದರ ಮೇಲೇ ವಾಕ್ಯ ಮಾಡು.”

ಬಳಪಗಳೆಲ್ಲ ನಿಂತವು.

ಹುಟ್ಟದ ಮಗುವಿಗೆ ಅಲ್ಲಿ ಯಾರೂ ಒಂದು ಚಿಂದಿಯನ್ನೂ ಎತ್ತಿಡುವುದಿಲ್ಲ. ತೊಟ್ಟಿಲು, ಬಟ್ಟೆ, ಹೆಸರು, ಎಲ್ಲ ಹುಟ್ಟಿದ ಮೇಲೇ; ಇಲ್ಲದಿದ್ದರೆ ದೃಷ್ಟಿ ತಾಗಿ ಮಗು ಉಳಿಯುವುದಿಲ್ಲವೆಂಬ ಭಯ. ಮುಂಚೆಯೇ ನಿಟಿಂಗ್ ಮಾಡಿಡುವುದನ್ನು ಕಲಿಸಿದ್ದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು. ಮುದುಕಿಯೊಬ್ಬಳು, “ಏನ್ ಮಾಡ್ಬುಟ್ರಿ ಅಮ್ಮಾವ್ರೆ...” ಎಂದಾಗಲೇ ನನಗೆ ತಿಳಿದದ್ದು.

ಹಾಲಿನಕ್ಕ ಮರುಕ್ಷಣ ಕುರಿಮರಿಯನ್ನು ಎಳೆದುಕೊಂಡು, ಕುಲಾವಿ ತೊಡಿಸಿ, ಗಲ್ಲದ ಕೆಳಗೆ ಲಾಡಿ ಕಟ್ಟಿದಳು. ಒಂದು ಕಿವಿ ಒಳಗೆ, ಒಂದು ಹೊರಗೆ. ಸ್ಲೇಟು ತೆಗೆದುಕೊಂಡು ಒಂದೊಂದೇ ಅಕ್ಷರ ಒತ್ತಿ ಬರೆದಳು: ‘ಅಮ್ಮಾವರು ಕುರಿಮರಿಗೆ ಕುಲಾವಿ ತಂದರು.’ ಊರಾಚೆಗೂ ಕೇಳಬೇಕೆಂಬಂತೆ ಮೂರು ಸಲ ಓದಿದಳು.

“ಕೇಳುಸ್ಕಂಡ್ರೇನ್ರಮ್ಮಿ ಎಲ್ಲಾರೂವೆ? ಕುರಿಮರಿಗೇ ತಂದಿರಾದು!”

“ಊಂ ಕಣಕ್ಕ, ಕುರಿಮರಿಗೇಯ!” ಎಂದವು ಹದಿನಾಲ್ಕು ಗಂಟಲು.

ಆಮೇಲೆ ಹನ್ನೊಂದು ದಿನ ಆ ಕುರಿಮರಿ ಹಳದಿ ಕುಲಾವಿಯಲ್ಲೇ ಬೀದಿ ತಿರುಗಿತು. ಹಾಲಿನಕ್ಕ ಬೆಳಿಗ್ಗೆ ಹಾಲು ಅಳೆದು, ಮುಖ ಕೊಡದೆ ಹೋಗುತ್ತಿದ್ದಳು. ಸಿಟ್ಟೋ ಭಯವೋ... ಇಂಥದ್ದನ್ನೆಲ್ಲ ಸಿಲ್ಲಿ ಎಂದು ನಕ್ಕವಳು ನಾನು. ಈಗ ಸ್ಕೂಲಿನ ಪ್ರೇಯರ್ ಹೇಳಿಕೊಂಡೆ, ಗಂಜಾಂನ ನಿಮಿಷಾಂಬೆಗೆ ಹರಕೆಯನ್ನೂ ಹೊತ್ತೆ.

ಹನ್ನೆರಡನೆಯ ದಿನ ಎಂಟು ಗಂಟೆಯಾದರೂ ಹಾಲು ಬರಲಿಲ್ಲ. ಗೇಟಿನಲ್ಲೇ ನಿಂತಿದ್ದೆ. ಬರಿಗೈಯಲ್ಲಿ ಓಡಿ ಬಂದಳು.

“ಎಣ್ಣು ಕಣ್ರವ್ವಾ! ಅಳ್ತು! ಆಸ್ಪತ್ರೆಗೆಲ್ಲಾ ಕೇಳಂಗೆ ಅಳ್ತು!”

ಮೆಟ್ಟಿಲ ಮೇಲೆ ಕೂತು ಅಳತೊಡಗಿದೆ. ಎಂದೂ ನಮ್ಮ ಮನೆಯಲ್ಲಿ ಕೂರದವಳು ಪಕ್ಕದಲ್ಲೇ ಕೂತಳು. “ನೀವ್ಯಾಕ್ ಅಳ್ತೀರಿ? ಇವತ್ತು ಆಲಿಲ್ಲ, ಕರೀ ಕಾಪಿ ಕುಡೀರಿ,” ಎಂದು ನಕ್ಕಳು.

ಹಾಲಿನಕ್ಕ ತೀರಿಕೊಂಡು ನಾಲ್ಕೈದು ವರ್ಷವಾಯಿತಂತೆ. ಕಾಗದ ಬರೆಯುತ್ತೇನೆ ಎಂದಿದ್ದೆ, ಬರೆಯಲಿಲ್ಲ. ಅಕ್ಷರ ಕಲಿಸಿದವಳು ನಾನೇ...

ಕೊನೆಯ ಸಲ ನೋಡಿದ್ದು ನಾವು ಊರು ಬಿಟ್ಟ ದಿನ, ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ. ಎರಡು ವರ್ಷದ ಮೊಮ್ಮಗಳು ಸೊಂಟದ ಮೇಲೆ, ಕೆನ್ನೆಯಲ್ಲಿ ಕಾಡಿಗೆಯ ಬೊಟ್ಟು. ಹೌ ಸ್ವೀಟ್ ಎನ್ನುವ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

“ಎಂಥಾ ಕೆಟ್ಟ ಮೂತಿನೇ ನಿನ್ನ ಮೊಮ್ಮಗಳದು!” ಎಂದೆ.

ಹಾಲಿನಕ್ಕನ ಮುಖ ಅರಳಿತು.

“ಊಂ ಮತ್ತೆ, ಯಾರ್ಗ್ ಬೇಕು ಇದು!” ಎಂದವಳು ಮಗುವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು. ಬಸ್ಸು ಹೊರಟಿತು.